ತಕ್ಕಡಿ ಇಲ್ಲದ ಸಂತೆ

ಶನಿವಾರ ಬೆಳಕು ಹರಿಯುವ ಮೊದಲೇ ಅಮೀನಗಡದ ಕುರಿ ಸಂತೆಯಲ್ಲಿ ಧೂಳೆದ್ದಿರುತ್ತದೆ. ಬಾಗಲಕೋಟೆ ಜಿಲ್ಲೆಯ ಈ ಊರು ಹೊರಗಿನವರಿಗೆ ಗೊತ್ತಿರುವುದು ಕರದಂಟಿನಿಂದ. ಕುರಿಗಾರರಿಗೆ, ಕಸಾಯಿ ವ್ಯಾಪಾರಿಗಳಿಗೆ ಶನಿವಾರದಿಂದ. ಟಂಟಂ, ಬೊಲೆರೊ ಪಿಕಪ್‌ಗಳಿಂದ ಇಳಿದ ಯಳಗ ತಳಿಯ ಕುರಿಗಳನ್ನು ಕೊರಳಿಗೆ ಕೊರಳು ಸೇರಿಸಿ, ಎದುರುಬದುರು ಸಾಲು ಕಟ್ಟಿ ನಿಲ್ಲಿಸಿದ್ದಾರೆ. ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು ಸುತ್ತಿದ ಮುದುಕ ತನ್ನ ಟಗರಿನ ಕೊಂಬು ಬಿಟ್ಟು ಕದಲುತ್ತಿಲ್ಲ.

ಕೊಳ್ಳುವವನು ಕುರಿಯ ಚೆಲುವು ನೋಡುವುದಿಲ್ಲ. ಬೆನ್ನುಮೂಳೆಯ ಎರಡೂ ಬದಿ ಬೆರಳೊತ್ತಿ ಮಾಂಸ ಅಳೆಯುತ್ತಾನೆ. ತುಟಿ ಸರಿಸಿ ಹಲ್ಲು ನೋಡುತ್ತಾನೆ: ಹಾಲುಹಲ್ಲಾದರೆ ಎಳೆಯದು, ಎರಡು ಹಲ್ಲು ಮೂಡಿದ್ದರೆ ವರ್ಷ ದಾಟಿದ್ದು. ಕೊನೆಗೆ ಹೊಟ್ಟೆಯಡಿ ಕೈ ಹಾಕಿ ಒಮ್ಮೆ ಎತ್ತಿ ಇಳಿಸಿದರೆ ತೂಕ ಮುಗಿಯಿತು.

“ಕಡೀ ಮಾತು ಹೇಳ್ರಿ ಕಾಕಾ.”

“ಒಂಬತ್ತು ಸಾವಿರ ಅಂದೇನಲ್ಲೋ ತಮ್ಮಾ. ಜ್ವಾಳ ತಿಂದ ಮರಿ ಐತಿ.”

“ಜ್ವಾಳ ಅಲ್ರಿ, ಮುಂಜಾನೆ ಕುಡಿಸಿದ ನೀರು ಐತಿ!”

ಸುತ್ತ ನಿಂತವರು ನಗುತ್ತಾರೆ. ದಲಾಲಿ ನಡುವೆ ಬಂದು ಟವೆಲ್ ಹಾಸಿ, ಅದರಡಿ ಇಬ್ಬರ ಬೆರಳನ್ನೂ ಸರದಿಯಂತೆ ಹಿಡಿದು ದರ ಕುದುರಿಸುತ್ತಾನೆ. ಮುದುಕ ಎರಡು ಸಲ ತಲೆ ಅಲ್ಲಾಡಿಸಿ, ಮೂರನೆಯ ಸಲ ಸುಮ್ಮನಾದ. ಕುರಿಯ ಬೆನ್ನಿಗೆ ಬಣ್ಣದ ಗುರುತು ಬಿತ್ತು.

ಟವೆಲ್ಲಿನಡಿಯ ವ್ಯಾಪಾರಿಯ ಬೆರಳಿಗೆ ಬೆಂಗಳೂರಿನ ದರ ಗೊತ್ತು, ಮುದುಕನಿಗೆ ಗೊತ್ತಿಲ್ಲ. ಅಲ್ಲಿನ ಮಟನ್ ಅಂಗಡಿಯವರು ಫೋನಿನಲ್ಲಿ ಹೇಳಿದ ಕಿಲೋ ದರದಿಂದ ವ್ಯಾಪಾರಿ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರುತ್ತಾನೆ. ಲಾರಿ ಬಾಡಿಗೆ, ದಲಾಲಿ, ದಾರಿಯಲ್ಲಿ ಕುರಿ ಕಳೆದುಕೊಳ್ಳುವ ತೂಕ, ಸತ್ತರೆ ಆಗುವ ನಷ್ಟ, ತನ್ನ ಲಾಭ ಎಲ್ಲವನ್ನೂ ಕಳೆದು ಉಳಿದದ್ದು ಕುರಿಗಾರನ ಪಾಲು. ವ್ಯಾಪಾರಿಯದು ಮೋಸವೆನ್ನಲಾರೆ, ಒಂದು ರಾತ್ರಿಯ ಮಳೆಗೆ ಅವನ ಲಾಭವೂ ಕೊಚ್ಚಿಹೋಗಬಹುದು. ಆದರೆ ಲೆಕ್ಕದ ಪುಸ್ತಕ ಒಬ್ಬನ ಕೈಯಲ್ಲೇ ಇದೆ.

ಎರಡು ಅಂತಸ್ತಿನ ಲಾರಿಗಳು ರಾತ್ರಿಯಿಡೀ ಓಡುತ್ತವೆ. ಬೆಂಗಳೂರಿನ ಟ್ಯಾನರಿ ರಸ್ತೆಯಂಥ ಕಡೆಯ ಕಸಾಯಿಖಾನೆಯಲ್ಲಿ ಪಶುವೈದ್ಯರ ತಪಾಸಣೆ, ಮಾಂಸದ ಮೇಲೆ ಮುದ್ರೆ. ತಕ್ಕಡಿ ಮೊದಲ ಸಲ ಕಾಣಿಸುವುದೇ ಈ ತುದಿಯಲ್ಲಿ. 30 ಕಿಲೋ ತೂಗುವ ಕುರಿಯಿಂದ ಸಿಗುವ ಮಾಂಸ 14 ಕಿಲೋ ಆಸುಪಾಸು. ತಲೆ, ಕಾಲು, ಬೋಟಿಗೆ ಬೇರೆ ಬೇರೆ ಗಿರಾಕಿಗಳು. ಚರ್ಮ ತಮಿಳುನಾಡಿನ ಆಂಬೂರು, ವಾಣಿಯಂಬಾಡಿಯ ಹದಮನೆಗಳತ್ತ ಹೋಗುತ್ತದೆ. ಸಂತೆಯಲ್ಲಿ ಒಟ್ಟಿಗೆ ಕಣ್ಣಳತೆಯಲ್ಲಿ ಬಿಕರಿಯಾದದ್ದು ಅಂಗಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತದೆ.

2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳು 1.1 ಕೋಟಿ. ಅಷ್ಟು ದೊಡ್ಡ ವ್ಯವಹಾರ ಇನ್ನೂ ಬಹುಪಾಲು ಅಂದಾಜಿನ ಮೇಲೆಯೇ ನಡೆದಿದೆ. ಸಂತೆಯಲ್ಲಿ ಕರ ವಸೂಲಿ ಮಾಡುವವರು ಬಾಗಿಲಲ್ಲೊಂದು ತೂಕದ ಯಂತ್ರವನ್ನೂ ಇಡಲಿ. ಒಂಬತ್ತು ಸಾವಿರ ಎನ್ನುವ ಮೊದಲು ತನ್ನ ಕುರಿ ಎಷ್ಟು ಕಿಲೋ ಎಂಬುದು ಮುದುಕನಿಗೂ ತಿಳಿದಿರಲಿ.