ಕಿಪ್ಲಿನ್: ಕ್ಯಾಲ್ವರ್ಟ್ ವಂಶದ ಕೈತಪ್ಪಿದ ಮನೆ

ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನಲ್ಲಿ, ರಿಚ್ಮಂಡ್ ಮತ್ತು ನಾರ್ಥಲರ್ಟನ್ ಪಟ್ಟಣಗಳ ನಡುವೆ, ಕಿಪ್ಲಿನ್ ಹಾಲ್ ಎಂಬ ಕೆಂಪು ಇಟ್ಟಿಗೆಯ ಮನೆಯಿದೆ. ದೊಡ್ಡ ಅರಮನೆಗಳನ್ನು ನೋಡಿ ಬಂದವರಿಗೆ ಚಿಕ್ಕದೆನಿಸೀತು. ನಾಲ್ಕು ಗೋಪುರಗಳಿವೆ, ಆದರೆ ಮೂಲೆಗಳಲ್ಲಲ್ಲ. ನಾಲ್ಕೂ ಬದಿಯ ಗೋಡೆಗಳ ನಟ್ಟನಡುವೆ ಒಂದೊಂದು. 1620ರ ದಶಕದಲ್ಲಿ ಇದನ್ನು ಕಟ್ಟಿಸಿದವನು ಜಾರ್ಜ್ ಕ್ಯಾಲ್ವರ್ಟ್. ಅಮೆರಿಕದ ಮೇರಿಲ್ಯಾಂಡ್ ಮೊಳೆತದ್ದು ಈತನ ತಲೆಯಲ್ಲಿ.

ಜಾರ್ಜ್ ಹುಟ್ಟಿದ್ದೂ ಇದೇ ಊರಿನಲ್ಲಿ, ಗೇಣಿದಾರನ ಮಗನಾಗಿ. ಮನೆಯವರು ಕ್ಯಾಥೊಲಿಕರು. ಪ್ರಾಟೆಸ್ಟಂಟ್ ಪ್ರಾರ್ಥನೆಗೆ ತಪ್ಪಿಸಿಕೊಂಡರೆ ದಂಡ ಬೀಳುತ್ತಿದ್ದ ಕಾಲವದು. ಅಧಿಕಾರಿಗಳ ಕಾಟಕ್ಕೆ ಮಣಿದ ತಂದೆ ಮಕ್ಕಳನ್ನು ಪ್ರಾಟೆಸ್ಟಂಟ್ ಗುರುವಿನ ಬಳಿ ಬಿಡಬೇಕಾಯಿತು. ಹುಡುಗ ಆಕ್ಸ್‌ಫರ್ಡ್‌ನಲ್ಲಿ ಓದಿದ, ರಾಬರ್ಟ್ ಸೆಸಿಲ್ ಎಂಬ ಪ್ರಭಾವಿ ಮಂತ್ರಿಯ ಕೈಕೆಳಗೆ ಪಳಗಿದ, 1619ರಲ್ಲಿ ದೊರೆ ಒಂದನೇ ಜೇಮ್ಸ್‌ನ ರಾಜ್ಯ ಕಾರ್ಯದರ್ಶಿಯಾದ. ಹಿರಿಮಗನಿಗೆ ಆ ಧಣಿಯ ಹೆಸರನ್ನೇ ಇಟ್ಟ: ಸೆಸಿಲ್. ಅಪ್ಪ ಗೇಣಿಗಿದ್ದ ನೆಲದಲ್ಲೇ ಮನೆ ಎಬ್ಬಿಸಿದ್ದರಲ್ಲಿ ಸ್ವಲ್ಪ ಛಲವೂ ಇದ್ದಿರಬೇಕು.

1625ರಲ್ಲಿ ತಾನು ಕ್ಯಾಥೊಲಿಕನೆಂದು ಸಾರಿ ಹುದ್ದೆ ಬಿಟ್ಟ. ಆದರೂ ದೊರೆ ಅವನಿಗೆ ಬಾಲ್ಟಿಮೋರ್ ಪ್ರಭುವಿನ ಪದವಿ ಕೊಟ್ಟ. ನ್ಯೂಫೌಂಡ್‌ಲ್ಯಾಂಡ್‌ನ ಫೆರಿಲ್ಯಾಂಡ್‌ನಲ್ಲಿ ಅವನ ವಸಾಹತೊಂದು ಆಗಲೇ ಇತ್ತು. 1628ರಲ್ಲಿ ಸಂಸಾರ ಸಮೇತ ಅಲ್ಲಿಗೆ ಹೋದ. ಒಂದು ಚಳಿಗಾಲಕ್ಕೇ ಸಾಕುಸಾಕಾಯಿತು. ಸುಮಾರು ನೂರು ಜನರಲ್ಲಿ ಅರ್ಧದಷ್ಟು ಮಂದಿ ಹಾಸಿಗೆ ಹಿಡಿದರು. ತೆಂಕಲಿನ ಬೆಚ್ಚನೆಯ ಸೀಮೆಯಲ್ಲಿ ನೆಲ ಬೇಕೆಂದು ಅರ್ಜಿ ಹಾಕಿಕೊಂಡವನು 1632ರ ಏಪ್ರಿಲ್‌ನಲ್ಲಿ ತೀರಿಕೊಂಡ. ಮೇರಿಲ್ಯಾಂಡ್‌ನ ಸನದು ಬಂದದ್ದು ಜೂನ್‌ನಲ್ಲಿ, ಸೆಸಿಲ್‌ನ ಹೆಸರಿಗೆ. ವರ್ಷಕ್ಕೆ ಎರಡು ಬಾಣ ವಿಂಡ್ಸರ್ ಕೋಟೆಗೆ ಒಪ್ಪಿಸಬೇಕು, ಚಿನ್ನ ಬೆಳ್ಳಿ ಸಿಕ್ಕರೆ ಐದರಲ್ಲೊಂದು ಪಾಲು. ಅಷ್ಟೇ ಕಪ್ಪ! ಸೆಸಿಲ್ ಆ ನೆಲವನ್ನು ಕಣ್ಣಾರೆ ನೋಡಲೇ ಇಲ್ಲ. 1634ರಲ್ಲಿ ಜನರೊಂದಿಗೆ ಅಲ್ಲಿಗಿಳಿದು ಆಳಿದವನು ಅವನ ತಮ್ಮ ಲೆನಾರ್ಡ್.

ಕ್ಯಾಥೊಲಿಕರಿಗೆ ನೆಮ್ಮದಿಯ ತಾಣವಾಗಲೆಂದು ಬಯಸಿದ ವಸಾಹತು ಮುಂದೆ, ಕ್ಯಾಥೊಲಿಕ್ ದೊರೆಯನ್ನು ಕೆಳಗಿಳಿಸಿದ ಇಂಗ್ಲೆಂಡಿನ ಕ್ರಾಂತಿಯ ಹೊಡೆತಕ್ಕೆ ಸಿಕ್ಕಿ ಮನೆತನದ ಕೈಬಿಟ್ಟಿತು. 1713ರಲ್ಲಿ ವಂಶದ ಬೆನೆಡಿಕ್ಟ್ ಲೆನಾರ್ಡ್ ಪ್ರಾಟೆಸ್ಟಂಟ್ ಆದ. ಎರಡು ವರ್ಷದಲ್ಲಿ ಅವನ ಮಗ ಚಾರ್ಲ್ಸ್‌ಗೆ ಮೇರಿಲ್ಯಾಂಡ್ ಮರಳಿ ದಕ್ಕಿತು. ಜಾರ್ಜ್ ನಂಬಿಕೆಗಾಗಿ ಹುದ್ದೆ ತೊರೆದಿದ್ದ, ಮರಿಮಕ್ಕಳು ಆಸ್ತಿಗಾಗಿ ನಂಬಿಕೆ ಬಿಟ್ಟರು ಎಂದರೆ ತುಸು ನಿಷ್ಠುರವಾದೀತು, ಸುಳ್ಳಾಗಲಾರದು. 1722ರಲ್ಲಿ ಚಾರ್ಲ್ಸ್ ಕಿಪ್ಲಿನ್ ಮನೆಯನ್ನೇ ಮಾರಿದ. ಕೊಂಡವನು ಕ್ರಿಸ್ಟಫರ್ ಕ್ರೋವ್, ಚಾರ್ಲ್ಸ್‌ನ ತಾಯಿಯ ಎರಡನೆಯ ಗಂಡ.

ಕೊನೆಯ ಬಾಲ್ಟಿಮೋರ್ ಪ್ರಭು ಫ್ರೆಡರಿಕ್ ಗುಲಾಮರು ಬೆಳೆದ ಹೊಗೆಸೊಪ್ಪಿನ ಸೀಮೆಯ ವರಮಾನದಲ್ಲಿ ಯುರೋಪ್ ಸುತ್ತುತ್ತ, ಪದವಿಗೆ ವಾರಸುದಾರನಿಲ್ಲದೆ 1771ರಲ್ಲಿ ನೇಪಲ್ಸ್‌ನಲ್ಲಿ ಸತ್ತ.

ಕಿಪ್ಲಿನ್ ಈಗ ಟ್ರಸ್ಟ್ ಒಂದರ ಸುಪರ್ದಿನಲ್ಲಿದ್ದು ಸಾರ್ವಜನಿಕರಿಗೆ ತೆರೆದಿದೆ. ಮೇರಿಲ್ಯಾಂಡ್‌ನ ಧ್ವಜ ನೋಡಿದವರಿಗೆ ಈ ಮನೆತನದ ಗುರುತು ಸುಲಭ: ಕಪ್ಪು–ಹೊನ್ನಿನ ಬಣ್ಣ ಕ್ಯಾಲ್ವರ್ಟರದು, ಕೆಂಪು–ಬಿಳುಪು ಜಾರ್ಜ್‌ನ ತಾಯಿಯ ತವರಾದ ಕ್ರಾಸ್‌ಲ್ಯಾಂಡ್ ಮನೆಯದು.