ಮೂವತ್ತು ಪೌಂಡಿನ ಮೀಟರು ಉಳಿಯಬೇಕು

ನಲ್ಲೂರು, ಚನ್ನಗಿರಿ ಕಡೆಯ ಅಡಿಕೆ ಸೀಮೆಗೆ ಹಳೆಯ ಜೀಪು ಹೊಸದೇನಲ್ಲ. ಗೊಬ್ಬರ, ಅಡಿಕೆ ಗೊನೆ, ಆಳುಕಾಳು ಎಲ್ಲವನ್ನೂ ಹೊತ್ತು ತಿರುಗಿದ ಇಂಥ ಗಾಡಿಗಳಲ್ಲಿ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿಕೊಂಡವು ನಮ್ಮ ನಾಡಿನಲ್ಲಿ ಬಹಳ. ಇಂಜಿನ್ ಬದಲಿಸುವಾಗ ಎಲ್ಲರ ಗಮನ ಗೇರ್‌ಬಾಕ್ಸ್, ರೇಡಿಯೇಟರುಗಳ ಮೇಲಿರುತ್ತದೆ. ಡ್ಯಾಶ್‌ಬೋರ್ಡಿನ ಆಯಿಲ್ ಪ್ರೆಷರ್ ಮೀಟರನ್ನು ಕೇಳುವವರಿಲ್ಲ. ಹೊಸ ಇಂಜಿನ್ನಿನ ಆಯಿಲ್ ಒತ್ತಡ ಮೀಟರಿನ ತಾಳಿಕೆಯನ್ನು ಮೀರಿತೆಂದರೆ ಮೊದಲ ಸ್ಟಾರ್ಟಿಗೇ ಅದರ ಕಥೆ ಮುಗಿಯಬಹುದು.

ಹಳೆಯ ಕಾರುಗಳನ್ನು ಕಾಪಾಡುವ ಆಸಕ್ತಿ ಕರ್ನಾಟಕದಲ್ಲಿ ಚೆನ್ನಾಗಿ ಬೇರೂರಿದೆ. ಧರ್ಮಸ್ಥಳದಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳ ಸಂಗ್ರಹವಿದೆ; ಶ್ರೀರಂಗಪಟ್ಟಣದ ಬಳಿ ‘ಪಯಣ’ ಎಂಬ ಸಂಗ್ರಹಾಲಯವಿದೆ. ನೋಡಲು ಹೋದವರು ಬಾನೆಟ್ಟು, ದೀಪ, ಬಣ್ಣಗಳ ಮುಂದೆ ನಿಲ್ಲುತ್ತಾರೆ. ಕಿಟಕಿಯಿಂದ ಒಳಗೆ ಬಗ್ಗಿ ಆ ಪುಟ್ಟ ಮೀಟರುಗಳನ್ನೂ ನೋಡಬೇಕು. ಬಣ್ಣವನ್ನು ಮತ್ತೆ ಹೊಡೆಸಬಹುದು. ಕಾರು ಕಾರ್ಖಾನೆಯಿಂದ ಹೊರಬಂದಾಗ ಇದ್ದ ಅದೇ ಮೀಟರು ಹೋದರೆ ಹೋಯಿತು.

ಈ ಮೀಟರಿನ ಜೀವ ಇರುವುದು ಬೋರ್ಡನ್ ಟ್ಯೂಬಿನಲ್ಲಿ. ಫ್ರಾನ್ಸಿನ ಯೂಜೀನ್ ಬೋರ್ಡನ್ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಚಪ್ಪಟೆಯಾಗಿಸಿ ಬಾಗಿಸಿದ ತೆಳು ಲೋಹದ ಕೊಳವೆ ಅದು. ಒಂದು ತುದಿ ಮುಚ್ಚಿರುತ್ತದೆ. ಇಂಜಿನ್ನಿನಿಂದ ಬರುವ ಸಣ್ಣ ತಾಮ್ರದ ಪೈಪು ಇನ್ನೊಂದು ತುದಿಗೆ ಸೇರುತ್ತದೆ. ಆಯಿಲ್ ಒತ್ತಿದಾಗ ಕೊಳವೆ, ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿಯ ಹಾಗೆ, ತುಸು ಬಿಚ್ಚಿಕೊಳ್ಳಲು ನೋಡುತ್ತದೆ. ಆ ಕೂದಲೆಳೆಯ ಚಲನೆಯನ್ನು ಸಣ್ಣ ಹಲ್ಲುಚಕ್ರ ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತದೆ. ಒತ್ತಡ ಮಿತಿ ದಾಟಿದರೆ ಲೋಹ ಸೋಲುತ್ತದೆ, ಕೊಳವೆ ಮೊದಲಿನ ಬಾಗಿಗೆ ಮರಳುವುದಿಲ್ಲ. ಇಂಜಿನ್ ನಿಂತ ಮೇಲೂ ಮುಳ್ಳು ಸೊನ್ನೆಗೆ ಬಾರದೆ 5, 10 ಎಂದು ತೋರಿಸುತ್ತಿದ್ದರೆ ಮೊದಲು ಈ ಅನುಮಾನ ಪಡಬೇಕು.

ಇಂಜಿನ್ ಬದಲಾದಾಗ ಮೀಟರಿಗೆ ಬರುವ ಈ ಗಂಡಾಂತರಕ್ಕೆ ಶೆವರ್ಲೆಗಿಂತ ಒಳ್ಳೆಯ ಉದಾಹರಣೆ ಸಿಗದು. ಶೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟಾರ್ಸ್ 1928ರಲ್ಲೇ ಮುಂಬಯಿಯ ಶಿವಡಿಯಲ್ಲಿ ಜೋಡಣೆ ಕಾರ್ಖಾನೆ ತೆರೆದಿತ್ತು. ಶೆವರ್ಲೆಯ ಆರು ಸಿಲಿಂಡರಿನ ಹಳೆಯ 216 ಘನ ಇಂಚಿನ ಇಂಜಿನ್ನಿನಲ್ಲಿ ಮುಖ್ಯವಾಗಿ ಮೇನ್, ಕ್ಯಾಮ್‌ಶಾಫ್ಟ್ ಬೇರಿಂಗ್‌ಗಳಿಗೆ ಒತ್ತಡದ ಆಯಿಲ್. ಕನೆಕ್ಟಿಂಗ್ ರಾಡುಗಳು ಕೆಳಗಿನ ತೊಟ್ಟಿಯಿಂದ ಆಯಿಲ್ ಮೊಗೆದುಕೊಳ್ಳುತ್ತಿದ್ದವು. ಹಾಗಾಗಿ ಚದರ ಇಂಚಿಗೆ 14 ಪೌಂಡಿನ ಆಸುಪಾಸು ಇದ್ದರೆ ಅದಕ್ಕೆ ಸಾಕು, ಮೀಟರಿನ ಅಂಕಿ 30ಕ್ಕೇ ಮುಗಿಯುತ್ತದೆ. 1953–54ರಲ್ಲಿ ಬಂದ ಪೂರ್ಣ ಒತ್ತಡದ 235 ಇಂಜಿನ್ ಅದೇ ಜಾಗಕ್ಕೆ ಕೂರುವುದರಿಂದ ಹಳೆಯ ಶೆವರ್ಲೆ ಇಟ್ಟುಕೊಂಡವರು ಅದನ್ನೇ ಹುಡುಕಿ ಹಾಕಿಸುತ್ತಾರೆ. ಅದರ ಒತ್ತಡ 30ನ್ನು ಸಲೀಸಾಗಿ ದಾಟುತ್ತದೆ. ಬೆಳಗಿನ ತಣ್ಣನೆಯ ಗಟ್ಟಿ ಆಯಿಲಿನಲ್ಲಿ ಇನ್ನೂ ಮೇಲಕ್ಕೆ.

ಮೀಟರು ಕಾಪಾಡಲು ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಉಪಾಯ, ಅದರ ಪೈಪಿನ ದಾರಿಯಲ್ಲಿ ಸಣ್ಣ ತೂತಿನ ಅಡ್ಡಿ ಇಡುವುದು. ಇದು ಸಾಲದು. ಮೀಟರಿನ ಪೈಪು ಕೊನೆಯಲ್ಲಿ ಮುಚ್ಚಿದ ದಾರಿ, ಅದರಲ್ಲಿ ಆಯಿಲ್ ಹರಿಯುವುದಿಲ್ಲ. ಹರಿವಿಲ್ಲದ ಕಡೆ ಸಣ್ಣ ತೂತು ಒತ್ತಡವನ್ನು ತಡಮಾಡೀತೇ ಹೊರತು ಇಳಿಸಲಾರದು. ಸ್ಟಾರ್ಟ್ ಆದಾಗಿನ ಹೊಡೆತ, ಮುಳ್ಳಿನ ನಡುಕ ಕಡಿಮೆಯಾಗುತ್ತವೆ, ನಿಜ. ಆದರೆ ತುಸು ಹೊತ್ತಿನಲ್ಲಿ ಇಂಜಿನ್ನಿನ ಪೂರ್ತಿ ಒತ್ತಡ ಮೀಟರಿನ ಮೇಲೇ ಕೂತಿರುತ್ತದೆ.

ಸರಿಯಾದ ಸಾಧನ, ಕಾರ್ಖಾನೆಗಳ ಪ್ರೆಷರ್ ಗೇಜಿಗೆ ಹಾಕುವ ಒತ್ತಡ ಮಿತಿಯ ವಾಲ್ವ್. ಒಳಗೆ ಪಿಸ್ಟನ್, ಸ್ಪ್ರಿಂಗ್ ಇರುತ್ತವೆ. ಮಿತಿಯನ್ನು 25 ಪೌಂಡಿಗೆ ಹೊಂದಿಸಿದರೆ ಒತ್ತಡ ಅಲ್ಲಿಗೆ ತಲುಪಿದಾಗ ಅದು ದಾರಿ ಮುಚ್ಚುತ್ತದೆ. ಒತ್ತಡ ಸಾಕಷ್ಟು ಇಳಿದ ಮೇಲೆ ತೆರೆದುಕೊಳ್ಳುತ್ತದೆ. ಅದಕ್ಕಿಂತ ಕೆಳಗೆ ಮೀಟರು ನಿಜವನ್ನೇ ಹೇಳುತ್ತದೆ. ಬೇರಿಂಗ್ ಸುಡುವುದು ಒತ್ತಡ ಬಿದ್ದಾಗ. ಆದ್ದರಿಂದ ಮೇಲಿನ ಅಂಕಿ ಕಾಣದಿದ್ದರೆ ಓಡಿಸುವವರಿಗೆ ದೊಡ್ಡ ನಷ್ಟವಿಲ್ಲ. ಅಪಾಯ ಬೇರೆ ಕಡೆ ಇದೆ. ವಾಲ್ವ್ ಮುಚ್ಚಿದಲ್ಲೇ ಕಚ್ಚಿಕೊಂಡರೆ ಇಂಜಿನ್ನಿನಲ್ಲಿ ಆಯಿಲ್ ಒತ್ತಡ ಸೊನ್ನೆಯಾಗಿದ್ದರೂ ಮುಳ್ಳು 25ರಲ್ಲೇ ನಿಂತಿರುತ್ತದೆ. ಅದಕ್ಕೆ ಇಂಜಿನ್ ಬಳಿ ಟೀ ಜಾಯಿಂಟ್ ಹಾಕಿ, ಕೆಂಪು ದೀಪದ ಸ್ವಿಚ್ಚನ್ನೋ ಬಾನೆಟ್ಟಿನ ಕೆಳಗೆ 100 ಪೌಂಡಿನ ಇನ್ನೊಂದು ಮೀಟರನ್ನೋ ಕೂರಿಸಲೇಬೇಕು. ಇದರಲ್ಲಿ ಜಿಪುಣತನ ಬೇಡ.

ಇಂಜಿನ್ ಮೂಲದ್ದೇ ಆಗಿದ್ದೂ ಮುಳ್ಳು ಮೇಲೇರುತ್ತಿದ್ದರೆ ಮೀಟರಿಗಿಂತ ಮೊದಲು, ಇಂಜಿನ್ನಿನ ಒಳಗೇ ಆಯಿಲ್ ಒತ್ತಡವನ್ನು ಮಿತಿಯಲ್ಲಿಡುವ ರಿಲೀಫ್ ವಾಲ್ವ್ ಬಿಚ್ಚಿ ನೋಡಬೇಕು. ಅದರ ಪಿಸ್ಟನ್ ಕೊಳೆಯಲ್ಲಿ ಕಚ್ಚಿರಬಹುದು, ಇಲ್ಲವೇ ಹಿಂದೆ ಯಾರೋ ಒತ್ತಡ ಹೆಚ್ಚಲೆಂದು ಸ್ಪ್ರಿಂಗಿನ ಹಿಂದೆ ವಾಷರ್ ತುರುಕಿರಬಹುದು.

ತಾಮ್ರದ ಪೈಪಿನದೂ ಒಂದು ಕಥೆ. ಅದುರಿ ಅದುರಿ ತಾಮ್ರ ಗಡುಸಾಗುತ್ತದೆ, ಒಂದು ದಿನ ಸೀಳುತ್ತದೆ, ಇಂಜಿನ್ನಿನ ಆಯಿಲ್ ಹೊರಗೆ ಸುರಿಯುತ್ತದೆ. ಕೆಂಪಗೆ ಕಾಯಿಸಿ ಆರಿಸಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ. ಇಂಜಿನ್ನಿನ ಬಳಿ ಒಂದೆರಡು ಸುತ್ತು ಸುರುಳಿ ಬಿಟ್ಟರೆ ಅದುರು ಅಲ್ಲೇ ಕರಗುತ್ತದೆ. ಮೀಟರಿನ ಮುಖಕ್ಕೆ ಕೈ ಹಚ್ಚುವಾಗಲೂ ಎಚ್ಚರ ಬೇಕು. ಎರಡನೇ ಮಹಾಯುದ್ಧದ ಕಾಲದ ಜೀಪುಗಳ ಕೆಲವು ಮೀಟರುಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿದಿದ್ದರು. ಅಂಥ ಡಯಲನ್ನು ಕೆರೆಯುವುದಾಗಲಿ ಉಜ್ಜುವುದಾಗಲಿ ಕೂಡದು, ಆ ಧೂಳು ಒಳಗೆ ಹೋಗಬಾರದು.

ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಖಾಸಗಿ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿದ್ದರೆ ಇಲ್ಲ. ನಿಮ್ಮ ತೋಟದ ಶೆಡ್ಡಿನಲ್ಲಿ ಇಂಥ ಗಾಡಿ ಇದ್ದರೆ ಇಳಿಸಿದ ಇಂಜಿನ್ನನ್ನು ಗುಜರಿಗೆ ಹಾಕಬೇಡಿ. ಬೇರೆ ಇಂಜಿನ್ನನ್ನು ಸ್ಟಾರ್ಟ್ ಮಾಡುವ ಮೊದಲು ಹಳೆಯ ಮೀಟರಿನ ಪೈಪು ಬಿಚ್ಚಿ, ಇಂಜಿನ್ನಿನ ಕಡೆಯ ಬಾಯಿ ಮುಚ್ಚಿ, ತಕ್ಕ ವಾಲ್ವ್ ಸಿಗುವವರೆಗೆ ಮೀಟರನ್ನು ಹಾಗೇ ಬಿಡಿ.