ಯಂತ್ರ ಮನುಷ್ಯನಿಗೆ ಒಗ್ಗಬೇಕು: ರೈತರ ಮಕ್ಕಳಿಗೊಂದು ಹೊಸ ವಿದ್ಯೆ



ನೊಗ ಎತ್ತಿನ ಹೆಗಲಿಗೆ ಒಗ್ಗದಿದ್ದರೆ ನೀವು ಎತ್ತನ್ನು ಬೈಯುವುದಿಲ್ಲ. ಬಡಗಿಯನ್ನು ಕರೆಸಿ ನೊಗವನ್ನೇ ಕೆತ್ತಿಸುತ್ತೀರಿ. ಆದರೆ ಬ್ಯಾಂಕಿನ ಎ.ಟಿ.ಎಂ. ಮುಂದೆಯೋ ಮೊಬೈಲಿನ ಮುಂದೆಯೋ ಕೈ ತಡವರಿಸಿದಾಗ ಮಾತ್ರ "ನಮಗೆ ತಿಳಿವಳಿಕೆ ಸಾಲದು" ಎಂದು ನಿಮ್ಮನ್ನೇ ಹಳಿದುಕೊಳ್ಳುತ್ತೀರಿ. ಬಹಳ ಸಲ ತಪ್ಪು ನಿಮ್ಮದಲ್ಲ, ಆ ಪರದೆಯನ್ನು ರೂಪಿಸಿದವರದು.

ಕಂಪ್ಯೂಟರನ್ನು ಬಳಸುವವರ ಕೈಗೂ ಕಣ್ಣಿಗೂ ಒಗ್ಗುವಂತೆ ರೂಪಿಸುವುದೇ ಒಂದು ವಿದ್ಯೆ. ಇದಕ್ಕೆ 'ಇಂಟರ್‌ಯಾಕ್ಷನ್ ಡಿಸೈನ್' ಎಂದು ಹೆಸರು. ಇದನ್ನು ಚಿತ್ರಕಲೆ, ವಿನ್ಯಾಸ ಕಲಿಸುವ ಕಾಲೇಜುಗಳಲ್ಲೂ ಹೇಳಿಕೊಡುತ್ತಾರೆ.

ನೀವು ಕಂಡಿರುವ ಉದಾಹರಣೆಗಳು

ಮತಯಂತ್ರವನ್ನೇ ನೋಡಿ. ಹೆಸರು, ಚಿಹ್ನೆ, ಅದರ ಪಕ್ಕದಲ್ಲೇ ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ, 'ಬೀಪ್' ಸದ್ದು. ಓದು ಬಾರದವರೂ ಬಳಸಬಲ್ಲರು. ಅದರ ರೂಪದ ಹಿಂದೆ ಮುಂಬಯಿ ಐ.ಐ.ಟಿ.ಯ ವಿನ್ಯಾಸ ಕೇಂದ್ರದ ಅಧ್ಯಾಪಕರ ದುಡಿಮೆಯಿದೆ. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಲ್ಲೂ ಮತಯಂತ್ರ ಬಳಕೆಯಾಯಿತು.

ಇನ್ನೊಂದು ನಮ್ಮ ರಾಜ್ಯದ 'ಭೂಮಿ' ಯೋಜನೆ. ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರ್ ಪಹಣಿ ಕೊಡಲು ಆರಂಭಿಸಿದಾಗ ಕೇಂದ್ರದಲ್ಲಿ ಎರಡು ಪರದೆ ಇರಿಸುವ ಕ್ರಮ ಬಂತು. ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ಕಿಟಕಿಯಾಚೆ ನಿಂತ ರೈತನ ಕಡೆಗೆ. ತನ್ನ ಜಮೀನಿನ ಲೆಕ್ಕವನ್ನು ರೈತ ತಾನೇ ಕಣ್ಣಾರೆ ನೋಡಬಹುದಾಯಿತು. ಪರದೆಯೊಂದನ್ನು ಯಾವ ಕಡೆಗೆ ತಿರುಗಿಸಬೇಕೆಂಬ ಯೋಚನೆಯೂ ಈ ವಿದ್ಯೆಗೆ ಸೇರಿದ್ದೇ.

ಕಲಿಸುವ ಬಗೆ

ಮೊದಲ ಪಾಠ, ಜನರ ನಡುವೆ ಹೋಗಿ ನೋಡುವುದು. ಅರಕಲಗೂಡಿನ ವಿದ್ಯಾರ್ಥಿನಿಯೊಬ್ಬಳು ಆಲೂಗೆಡ್ಡೆಯ ಪೇಟೆ ಧಾರಣೆ ತಿಳಿಸುವ ಪರದೆ ಮಾಡಬೇಕೆನ್ನಿ. ಮೊದಲು ಬೆಳೆಗಾರರನ್ನು ಮಾತನಾಡಿಸುತ್ತಾಳೆ: ಧಾರಣೆ ಬೇಕಾಗುವುದು ಯಾವಾಗ? ಕ್ವಿಂಟಾಲಿಗೋ, ಚೀಲಕ್ಕೋ? ಬಿಸಿಲಿನಲ್ಲಿ ಅಕ್ಷರ ಕಾಣುತ್ತದೆಯೇ? ಬಳಿಕ ಬರಿಯ ಕಾಗದದ ಮೇಲೆ ಪರದೆ ಬರೆದು ಐದಾರು ಮಂದಿಯ ಮುಂದಿಡುತ್ತಾಳೆ. ಬೆರಳು ಎಲ್ಲಿ ತಡೆಯಿತೋ ಅಲ್ಲಿ ಅಳಿಸಿ ಮತ್ತೆ ಬರೆಯುತ್ತಾಳೆ. ಕಂಪ್ಯೂಟರಿನ ಸರದಿ ಆಮೇಲೆ.

ಎಲ್ಲಿ ಕಲಿಯಬಹುದು?

ಅಹಮದಾಬಾದಿನಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್.ಐ.ಡಿ., ಬೆಂಗಳೂರಿನಲ್ಲೂ ಆವರಣ ಹೊಂದಿದೆ. ಇಲ್ಲಿ ಈ ವಿಷಯದಲ್ಲಿ ಸ್ನಾತಕೋತ್ತರ ಶಿಕ್ಷಣವಿದೆ. ಪಿ.ಯು.ಸಿ. ಮುಗಿಸಿದವರು ಈ ಸಂಸ್ಥೆಯ ಪದವಿ ಶಿಕ್ಷಣಕ್ಕೆ ಪ್ರವೇಶ ಪರೀಕ್ಷೆ ಬರೆಯಬಹುದು. ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ಸರಿ. ಯಲಹಂಕದಲ್ಲಿ 1996ರಲ್ಲಿ ಆರಂಭವಾದ 'ಸೃಷ್ಟಿ' ಖಾಸಗಿ ಸಂಸ್ಥೆ. ಪರೀಕ್ಷೆಯಲ್ಲಿ ಬಾಯಿಪಾಠಕ್ಕಿಂತ ಗಮನಿಸುವ ಕಣ್ಣಿಗೆ, ಬರೆಯುವ ಕೈಗೆ ಹೆಚ್ಚು ಬೆಲೆ.

ಹಣದ ಮಾತು

ಶುಲ್ಕ ಲಕ್ಷಗಳಲ್ಲಿದೆ, ಮರೆಮಾಚುವಂತಿಲ್ಲ. ಜಮೀನು ಮಾರುವ ಯೋಚನೆ ಬೇಡ. ವಿದ್ಯಾರ್ಥಿ ವೇತನ, ಮೀಸಲಾತಿ, ಬ್ಯಾಂಕಿನ ಶಿಕ್ಷಣ ಸಾಲ, ಮೂರನ್ನೂ ಮೊದಲೇ ವಿಚಾರಿಸಿ. ಸೀಟು ಕೊಡಿಸುವೆನೆಂಬ ಮಧ್ಯವರ್ತಿಗಳಿಗೆ ಬಿಡಿಗಾಸನ್ನೂ ಕೊಡಬೇಡಿ.

ಮಗ ಅಥವಾ ಮಗಳು ನೋಟ್ ಪುಸ್ತಕದ ಅಂಚಿನಲ್ಲಿ ಚಿತ್ರ ಬರೆಯುತ್ತಿದ್ದರೆ ಗದರಿಸುವ ಮುನ್ನ ಒಮ್ಮೆ ಯೋಚಿಸಿ. ಪಹಣಿಗೆ ಸಾಲು ನಿಂತ ಅಪ್ಪನನ್ನು, ಮೊಬೈಲನ್ನು ಕೈಯಲ್ಲಿ ಹಿಡಿದು ಕಂಗೆಟ್ಟ ಅಜ್ಜಿಯನ್ನು ಹತ್ತಿರದಿಂದ ಕಂಡ ಮಕ್ಕಳು ಅವರು. ನಾಳಿನ ಯಂತ್ರಗಳು ಹಳ್ಳಿಯ ಕೈಗೆ ಒಗ್ಗಬೇಕಾದರೆ, ಅವನ್ನು ರೂಪಿಸುವವರಲ್ಲಿ ಅಂಥ ಮಕ್ಕಳೂ ಇರಬೇಕು.